ಪ್ರಶ್ನೋತ್ತರ: ಸ್ಟೆಬಿಲೈಸೇಶನ್ ಬಾಡಿಯಲ್ಲಿರಬೇಕೇ, ಲೆನ್ಸಿನಲ್ಲೇ?

(ಕಾಸರಗೋಡಿನ ಛಾಯಾಗ್ರಾಹಕರ ಬಳಗ, ಸದಸ್ಯರ ಹೆಸರಿನ ಬದಲು ಅವರ ಊರು. ಸ್ಟೆಬಿಲೈಸೇಶನ್ ಎಂದರೆ ಕ್ಯಾಮೆರಾದ ಅಲುಗಾಟವನ್ನು ತಿದ್ದುವ ವ್ಯವಸ್ಥೆ, ಬಾಡಿ ಎಂದರೆ ಲೆನ್ಸು ಬಿಟ್ಟು ಉಳಿದ ಕ್ಯಾಮೆರಾ. ಉತ್ತರಿಸುವವರು ಕ್ಯಾಮೆರಾ ರಿಪೇರಿಯ ತಂತ್ರಜ್ಞರು.)

ನೀರ್ಚಾಲು: ನಮಸ್ಕಾರ. ಯಕ್ಷಗಾನ ಬಯಲಾಟದ ಚಿತ್ರಗಳಲ್ಲಿ ರಂಗಸ್ಥಳದ ಕಂಬಗಳು ಸ್ಪಷ್ಟವಾಗಿದ್ದು, ಕುಣಿಯುವ ಪುಂಡುವೇಷ ಮಾತ್ರ ಮಸುಕಾಗುತ್ತಿದೆ. ಶಟರ್ 1/60 ಸೆಕೆಂಡಿನಲ್ಲಿತ್ತು. ಸ್ಟೆಬಿಲೈಸೇಶನ್ ಇರುವ ಲೆನ್ಸು ಕೊಂಡರೆ ಸರಿಯಾದೀತೇ?

ತಂತ್ರಜ್ಞ: ಆಗದು. ಕಂಬ ಸ್ಪಷ್ಟವಾಗಿದೆಯೆಂದರೆ ನಿಮ್ಮ ಕೈ ಅಲುಗಿಲ್ಲ, ವೇಷಧಾರಿ ಅಲುಗಿದ್ದಾರೆ. ಧಿಗಿಣ (ಸುತ್ತುತ್ತ ಹಾರುವ ಕುಣಿತ) ಹಾರುವವರನ್ನು ಯಾವ ಸ್ಟೆಬಿಲೈಸೇಶನ್ನೂ ಹಿಡಿದು ನಿಲ್ಲಿಸದು. ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) ಏರಿಸಿ, ಶಟರ್ 1/500ಕ್ಕೆ ಹೋಗಿ.

ಉಪ್ಪಳ: ಟ್ರೈಪಾಡಿನ ಮೇಲಿಟ್ಟಾಗ ಆಫ್ ಮಾಡಬೇಕೇ ಸರ್?

ತಂತ್ರಜ್ಞ: ಮಾಡುವುದು ಒಳ್ಳೆಯದು. ಕೆಲವು ಹೊಸ ಲೆನ್ಸುಗಳು ಟ್ರೈಪಾಡನ್ನು ತಾವೇ ಗುರುತಿಸುತ್ತವೆ. ಹಳೆಯವು ಇಲ್ಲದ ಅಲುಗಾಟವನ್ನು ಹುಡುಕುತ್ತ ತಾವೇ ಅಲುಗುತ್ತವೆ.

ಪೆರ್ಲ: ಕಳೆದ ವಾರ ನನ್ನ ಮಿರರ್‌ಲೆಸ್ ಕ್ಯಾಮೆರಾವನ್ನು ಬೈಕಿನ ಹ್ಯಾಂಡಲಿಗೆ ಕ್ಲಾಂಪಿನಿಂದ ಬಿಗಿದು, ಪೆರ್ಲದಿಂದ ಕಾಸರಗೋಡಿನವರೆಗೆ ವಿಡಿಯೊ ತೆಗೆದೆ. ಅಂದಿನಿಂದ ಸ್ವಿಚ್ ಹಾಕಿದೊಡನೆ ಒಳಗಿನಿಂದ ದುಂಬಿ ಗುಂಯ್‌ಗುಟ್ಟಿದಂತಹ ಸದ್ದು ಬರುತ್ತದೆ, ಪರದೆಯ ಚಿತ್ರ ನಡುಗುತ್ತದೆ. ಸ್ಟೆಬಿಲೈಸೇಶನ್ ಆಫ್ ಮಾಡಿದರೆ ನಡುಕ ನಿಲ್ಲುತ್ತದೆ, ಆದರೆ ಚಿತ್ರದ ಎಡಭಾಗ ಮಸುಕಾಗಿರುತ್ತದೆ. ನನ್ನ 35 ಎಂ.ಎಂ. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇಲ್ಲ.

ತಂತ್ರಜ್ಞ: ಇದು ನನಗೆ ಆತಂಕ ತರುವ ವಿಷಯ, ಉಳಿದವರೂ ಓದಿಕೊಳ್ಳಿ. ನಿಮ್ಮ ಬಾಡಿಯೊಳಗೆ ಚಿತ್ರ ಹಿಡಿಯುವ ಸೆನ್ಸರನ್ನು ಸ್ಕ್ರೂ ಹಾಕಿ ಕೂರಿಸಿಲ್ಲ. ಅಯಸ್ಕಾಂತ ಮತ್ತು ತಂತಿಸುರುಳಿಗಳ ನಡುವೆ ಅದು ತೇಲಿದಂತಿರುತ್ತದೆ, ಗೈರೊ (ಅಲುಗಾಟ ಅಳೆಯುವ ಭಾಗ) ಹೇಳಿದ ಕಡೆಗೆ ಸರಿಯುತ್ತದೆ. ಕೈನಡುಕವೆಂಬುದು ಸೆಕೆಂಡಿಗೆ ಹತ್ತರ ಆಸುಪಾಸಿನದು. ನಿಮ್ಮ ಬೈಕಿನ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಹ್ಯಾಂಡಲಿಗೆ ಸೆಕೆಂಡಿಗೆ 66ಕ್ಕೂ ಹೆಚ್ಚು ಕಂಪನ ಮುಟ್ಟುತ್ತದೆ, ಅದೂ ದಾರಿಯುದ್ದಕ್ಕೂ. ಮೊಬೈಲಿನ ಸ್ಟೆಬಿಲೈಸೇಶನ್ ಮೋಟಾರ್‌ಸೈಕಲ್ಲಿನ ಕಂಪನದಿಂದ ಕೆಡಬಹುದೆಂದು ಆಪಲ್ ಕಂಪೆನಿಯೇ 2021ರಲ್ಲಿ ಎಚ್ಚರಿಸಿತ್ತು.

ಸೆನ್ಸರ್ ವಾಲಿದೆಯೆಂಬುದು ನನ್ನ ಸಂಶಯ. ಸ್ಟೆಬಿಲೈಸೇಶನ್ ಆಫ್ ಇರಲಿ. ಗೋಡೆಗೆ ಸುದ್ದಿಪತ್ರಿಕೆಯ ಪುಟ ಅಂಟಿಸಿ, ಅಪರ್ಚರನ್ನು (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು ಒಂದು ಚಿತ್ರ ತೆಗೆಯಿರಿ. ಬಳಿಕ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು. ಮಸುಕು ಚೌಕಟ್ಟಿನ ಅದೇ ಬದಿಯಲ್ಲಿ ಉಳಿದರೆ ನೀವು ಓರೆಯಾಗಿ ನಿಂತದ್ದು ಕಾರಣವಲ್ಲ, ದೋಷ ಉಪಕರಣದಲ್ಲೇ ಇದೆ. ಆಮೇಲೆ ಬೇರೆ ಲೆನ್ಸು ಹಾಕಿ ನೋಡಿ. ಆಗಲೂ ಎಡಬದಿಯೇ ಮಸುಕಾದರೆ ಲೆನ್ಸು ನಿರಪರಾಧಿ.

ಮುಳ್ಳೇರಿಯ: ಫಾರ್ವರ್ಡ್ ಬಂದದ್ದು: "ಸೆನ್ಸರ್ ಸಿಕ್ಕಿಕೊಂಡರೆ ಬಾಡಿಯ ಹಿಂದೆ ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ಮೂರು ಸುತ್ತು ತಿರುಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ."

ತಂತ್ರಜ್ಞ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಅಯಸ್ಕಾಂತದಿಂದಲೇ ನಡೆಯುವ ಯಂತ್ರಕ್ಕೆ ಹೊರಗಿನಿಂದ ಇನ್ನೊಂದು ಅಯಸ್ಕಾಂತವೇ? ಎಣ್ಣೆ ಸೆನ್ಸರಿನ ಗಾಜಿನ ಮೇಲೆ ಹರಡಿದರೆ ರಿಪೇರಿಯ ಬಿಲ್ಲಿನಲ್ಲಿ ಇನ್ನೊಂದು ಸಾಲು ಸೇರುತ್ತದೆ, ಅಷ್ಟೆ. ಇದನ್ನು ಬರೆದವರು ಕ್ಯಾಮೆರಾ ಬಿಚ್ಚಿದವರಲ್ಲ.

ಮುಳ್ಳೇರಿಯ: ನಾನು ಕಳುಹಿಸಿದ್ದು ಮಾತ್ರ, ಬರೆದದ್ದಲ್ಲ.

ಬದಿಯಡ್ಕ: ಬಾಡಿಯಲ್ಲಿ ಸ್ಟೆಬಿಲೈಸೇಶನ್ ಬಂದ ಮೇಲೆ ಲೆನ್ಸಿನದ್ದು ದಂಡ. ನನ್ನ ಹಳೆಯ ಮ್ಯಾನುವಲ್ 50 ಎಂ.ಎಂ. ಲೆನ್ಸಿಗೂ ಅದು ಸಿಗುತ್ತದೆ.

ಕುಂಬಳೆ: 50 ಎಂ.ಎಂ.ನಲ್ಲಿ ನಿಂತು ಮಾತಾಡುವುದು ಸುಲಭ ಮಾಷ್ಟ್ರೇ. ಅರ್ಧ ಡಿಗ್ರಿ ಅಲುಗಿದರೆ 50ರಲ್ಲಿ ಬಿಂಬ 0.44 ಮಿ.ಮೀ. ಸರಿಯುತ್ತದೆ, 500ರಲ್ಲಿ 4.4 ಮಿ.ಮೀ. ಸೆನ್ಸರ್ ಅಷ್ಟು ದೂರ ಎಲ್ಲಿಗೆ ಹೋಗಬೇಕು?

ಬದಿಯಡ್ಕ: ಅರ್ಧ ಡಿಗ್ರಿ ಅಲುಗುವವರು ಮೊದಲು ಕ್ಯಾಮೆರಾ ಹಿಡಿಯಲು ಕಲಿಯಲಿ.

ಕುಂಬಳೆ: ಬೇಕಲ ಕೋಟೆಯ ಬುರುಜಿನ ಮೇಲೆ ಗಾಳಿಗೆ ನಿಂತು ನೋಡಿ, ಆಮೇಲೆ ಕಲಿಸಿ. ಕ್ಯಾನನ್ 1995ರಲ್ಲೇ 75-300 ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಕೊಟ್ಟಿತು. ಬಾಡಿಯೊಳಗೆ ತಂದದ್ದು 2020ರ ಆರ್5, ಆರ್6 ಕ್ಯಾಮೆರಾಗಳಲ್ಲಿ. ಇಪ್ಪತ್ತೈದು ವರ್ಷ ಅವರು ಸುಮ್ಮನೆ ಕಾದರೇ?

ಬದಿಯಡ್ಕ: ಕಾದವರು ಹಿಂದುಳಿದರು. ಕೊನಿಕಾ ಮಿನೋಲ್ಟಾ 2003ರಲ್ಲೇ ಸೆನ್ಸರ್ ಸರಿಸಿತು.

ಕುಂಬಳೆ: ಸರಿಸಿದ ಕಂಪೆನಿ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟಿತು.

ತಂತ್ರಜ್ಞ: ಇಬ್ಬರೂ ಅರ್ಧ ಸರಿ. ಕ್ಯಾಮೆರಾ ಗಡಿಯಾರದ ಮುಳ್ಳಿನಂತೆ ತಿರುಚಿದರೆ ಲೆನ್ಸು ಅದನ್ನು ತಿದ್ದಲಾರದು, ಸೆನ್ಸರ್ ತಿದ್ದೀತು. ಒಲಿಂಪಸ್ 2012ರಲ್ಲಿ ತನ್ನ ಬಾಡಿ ಐದು ಅಕ್ಷಗಳ (ಐದು ಬಗೆಯ) ಅಲುಗಾಟ ತಿದ್ದುತ್ತದೆಂದದ್ದರಲ್ಲಿ ಅದೂ ಒಂದು. ಉದ್ದ ಲೆನ್ಸಿನಲ್ಲಿ ಕುಂಬಳೆಯವರ ಲೆಕ್ಕ ನಿಲ್ಲುತ್ತದೆ. ಜೊತೆಗೆ ಡಿಎಸ್‌ಎಲ್‌ಆರ್ ಕನ್ನಡಿಯ ಮೂಲಕ ನೋಡುವಾಗ ಹಕ್ಕಿ ಕಣ್ಣೆದುರು ಸ್ಥಿರವಾಗುವುದು ಲೆನ್ಸಿನಿಂದ ಮಾತ್ರ. ಬದಿಯಡ್ಕದವರೇ, ಹಳೆಯ ಲೆನ್ಸು ತಾನು ಎಷ್ಟು ಎಂ.ಎಂ. ಎಂದು ಕ್ಯಾಮೆರಾಕ್ಕೆ ತಿಳಿಸದು. ಅದನ್ನು ಹಾಕಿದಾಗ ಮೆನುವಿನಲ್ಲಿ 50 ಎಂದು ತುಂಬಿಸುತ್ತೀರೋ?

ಬದಿಯಡ್ಕ: ಅದನ್ನು ತುಂಬಿಸಬೇಕೇ?

ಕುಂಬಳೆ: 😀

ಬದಿಯಡ್ಕ: ನಗುವವರಿಗಾಗಿ ನಾನು ಕೇಳಿದ್ದಲ್ಲ.

ನೀಲೇಶ್ವರ: ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಬಂದರೆ ಸ್ಟೆಬಿಲೈಸೇಶನ್ನಿಗೂ ತೊಂದರೆಯೇ?

ಮಂಜೇಶ್ವರ: ಸರ್, ಟ್ರೈಪಾಡಿನಲ್ಲಿ ಆಫ್ ಮಾಡಬೇಕೇ?

ತಂತ್ರಜ್ಞ: ಮೇಲೆ ಓದಿ.

ಪೆರ್ಲ: ನೋಡಿದೆ. ತಲೆಕೆಳಗು ಮಾಡಿದರೂ, 85 ಎಂ.ಎಂ. ಲೆನ್ಸು ಹಾಕಿದರೂ ಎಡಬದಿಯೇ ಮಸುಕು. ಭಾನುವಾರ ಒಂದು ಮದುವೆ ಒಪ್ಪಿಕೊಂಡಿದ್ದೇನೆ. ಆಫ್ ಮಾಡಿಯೇ ತೆಗೆಯಬಹುದೇ?

ತಂತ್ರಜ್ಞ: ಬೇಡ. ಅಪರ್ಚರ್ ಕಿರಿದು ಮಾಡಿದರೆ ಮಸುಕು ಸ್ವಲ್ಪ ಮುಚ್ಚೀತು, ಆದರೆ ಸೆನ್ಸರಿನ ಕೂರುವಿಕೆಯೇ ಸಡಿಲಾಗಿದ್ದರೆ ಧಾರೆಯ ಹೊತ್ತಿಗೆ ಅದು ಎಲ್ಲಿರುತ್ತದೆಂದು ನಾನು ಹೇಳಲಾರೆ. ಬೇರೆ ಬಾಡಿಯನ್ನು ಬಾಡಿಗೆಗೆ ತನ್ನಿ. ನಿಮ್ಮದರ ಬ್ಯಾಟರಿ ತೆಗೆದು, ಬಟ್ಟೆಯಲ್ಲಿ ಸುತ್ತಿ ನನ್ನಲ್ಲಿಗೆ ತನ್ನಿ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬನ್ನಿ, ಬೈಕಿನಲ್ಲಲ್ಲ.

ಮುಳ್ಳೇರಿಯ: ಅಕ್ಕಿಯ ಡಬ್ಬಿಯಲ್ಲಿಟ್ಟು ತಂದರೆ ಹೇಗೆ?