ಪದಚರ್ಚೆ: ‘ಎ ಎಂಎಲ್‌ಎ’ ಸರಿಯೋ, ‘ಆ್ಯನ್ ಎಂಎಲ್‌ಎ’ ಸರಿಯೋ?

ಎಲ್ಲರಿಗೂ ನಮಸ್ಕಾರ.

ನಮ್ಮೂರ ಸಂಘದ ಸ್ಮರಣ ಸಂಚಿಕೆಗೆ ಇಂಗ್ಲಿಷ್ ಪುಟಗಳ ಕರಡು ತಿದ್ದುತ್ತಿದ್ದೆ. ಹಿರಿಯರೊಬ್ಬರು ಹಿಂದೆ ಶಾಸಕರಾಗಿದ್ದರು ಎಂಬ ಸಾಲಿನಲ್ಲಿ ‘ಎ ಎಂಎಲ್‌ಎ’ ಎಂದಿತ್ತು. ‘ಆ್ಯನ್’ ಎಂದು ತಿದ್ದಿದೆ. ಬರೆದವರು ಒಪ್ಪಲಿಲ್ಲ. “ಎಂ ವ್ಯಂಜನವಲ್ಲವೇ ಸ್ವಾಮಿ?” ಎಂದರು.

ಅಕ್ಷರವನ್ನಲ್ಲ, ಉಚ್ಚಾರಣೆಯನ್ನು ನೋಡಬೇಕು ಎಂದು ಮೇಷ್ಟರು ಎಲ್ಲರಿಗೂ ಹೇಳಿರುತ್ತಾರೆ. ಮಕ್ಕಳಿಗೆ ನಾನು ಹೇಳಿಕೊಡುವ ಉಪಾಯ ಇನ್ನೂ ಸುಲಭ: ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಮೊದಲಕ್ಷರ ಸ್ವರವಾದರೆ ‘ಆ್ಯನ್’, ಇಲ್ಲದಿದ್ದರೆ ‘ಎ’. ‘ಯೂನಿವರ್ಸಿಟಿ’ಗೆ ಯಕಾರ, ‘ವನ್’ಗೆ ವಕಾರ, ಎರಡಕ್ಕೂ ‘ಎ’. ‘ಅಂಬ್ರೆಲಾ’, ಎಚ್ ನುಂಗಿಕೊಂಡ ‘ಅವರ್’, ‘ಆನೆಸ್ಟ್’ ಇವಕ್ಕೆಲ್ಲ ‘ಆ್ಯನ್’. (‘ಒನ್’ ಎಂದು ಬರೆಯುವವರು ನನ್ನ ಉಪಾಯವನ್ನೇ ಕೆಡಿಸುತ್ತಾರೆ.)

ತೊಡಕು ಇರುವುದು ನಮ್ಮ ನಾಲಿಗೆಯಲ್ಲಿ. ಪದದ ಮೊದಲಿಗೆ ಎಕಾರ ಬಂದರೆ ಕನ್ನಡಿಗರ ಬಾಯಿ ಅದಕ್ಕೊಂದು ಯಕಾರ ಹಚ್ಚುತ್ತದೆ, ಒಕಾರ ಬಂದರೆ ವಕಾರ. ಬರೆಯುವುದು ‘ಎಮ್ಮೆ’, ಕೇಳಿಸುವುದು ‘ಯೆಮ್ಮೆ’. ಶಾಸಕರೂ ‘ಯೆಮ್ಮೆಲ್ಲೆ’ ಆಗುತ್ತಾರೆ. ಹಾಗೆ ನುಡಿಯುವವರ ಕಿವಿಗೆ ‘ಎ’ ಒಗ್ಗುವುದು ಸಹಜವೇ. ಆದರೆ ಇಂಗ್ಲಿಷಿನವರು ಆ ಯಕಾರ ಹಚ್ಚುವುದಿಲ್ಲವಾದ್ದರಿಂದ ಇಲ್ಲಿ ನಾಲಿಗೆಗಿಂತ ಲಿಪಿಯನ್ನು ನಂಬುವುದು ಲೇಸು.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. ‘ಎ’ಗೆ ನಕಾರ ಸೇರಿ ‘ಆ್ಯನ್’ ಆಯಿತೆಂದು ನಾವು ತಿಳಿದಿರುತ್ತೇವೆ. ಆದದ್ದು ತಿರುಗುಮುರುಗು. ‘ಆ್ಯನ್’ ಹುಟ್ಟಿದ್ದೇ ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಅರ್ಥವಿದ್ದ ಪದದಿಂದ. ಮುಂದೆ ವ್ಯಂಜನ ಬಂದಾಗ ನಕಾರ ಉದುರಿ ‘ಎ’ ಉಳಿಯಿತು. ತಮಿಳಿನಲ್ಲೂ ‘ಒಂದು’ ಹೀಗೆ ವೇಷ ಬದಲಿಸುತ್ತದೆ: ‘ಒರು ಮರಂ’, ಆದರೆ ‘ಓರ್ ಊರ್’. ನಮ್ಮಲ್ಲಿ ‘ಎರಡು’ ಈ ಜಾಡನ್ನು ಚೆನ್ನಾಗಿಯೇ ಉಳಿಸಿಕೊಂಡಿದೆ. ‘ಈರೇಳು ಲೋಕ’, ‘ಈರಾರು’ ಎನ್ನುವಾಗ ಮುಂದೆ ಸ್ವರವಿದೆ, ‘ಈರ್’ ದೀರ್ಘ. ಇಂದಿನ ‘ಇಪ್ಪತ್ತು’ ಹಿಂದೆ ‘ಇರ್ಪತ್ತು’. ಮುಂದೆ ವ್ಯಂಜನ, ‘ಇರ್’ ಹ್ರಸ್ವ. ‘ಒಮ್ಮೆ’ಯ ಹಳೆಯ ರೂಪ ‘ಒರ್ಮೆ’ಯಲ್ಲೂ ಹ್ರಸ್ವವೇ.

ಹಾಗಾದರೆ ‘ಓರಗೆಯವರು’, ‘ಓರಂತೆ’ (ಒಂದೇ ಸಮನೆ) ಎಂಬಲ್ಲಿನ ‘ಓರ್’ ಈ ‘ಒಂದೇ’ ತಾನೇ? ಹಳಗನ್ನಡ ಓದಿದವರಲ್ಲಿ ಇನ್ನೊಂದು ಕೇಳಿಕೆ: ಸ್ವರದಿಂದ ಶುರುವಾಗುವ ನಾಮಪದದ ಹಿಂದೆ ‘ಓರ್’ ನಿಂತ ಸಾಲುಗಳು ನೆನಪಿದ್ದರೆ ದಯವಿಟ್ಟು ಇಲ್ಲಿ ಹಾಕಿ.