ಸಹಾಯ ಬೇಕು: ಮನೆಯಲ್ಲಿ ಎಲೆಕ್ಟ್ರಿಕ್ ಕಾರಿಗೆ 3.3 ಕಿಲೋವ್ಯಾಟ್ ಚಾರ್ಜರ್ ಸಾಕೇ, 7.2 ಬೇಕೇ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಸ್ವಂತ ಮನೆ, ಸಿಂಗಲ್ ಫೇಸ್, ವಿದ್ಯುತ್ ಕಂಪನಿಯಿಂದ ಮಂಜೂರಾದ ಲೋಡ್ 3 ಕಿಲೋವ್ಯಾಟ್. ಮುಂದಿನ ತಿಂಗಳು 30 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕಾರು ಬರುತ್ತದೆ. ದಿನಕ್ಕೆ 40 ಕಿಲೋಮೀಟರ್ ದಾಟಿದರೆ ಹೆಚ್ಚು.

ಷೋರೂಮಿನವರು 7.2 ಕಿಲೋವ್ಯಾಟ್ ಚಾರ್ಜರನ್ನೇ ಹಾಕಿಸಿ ಎಂದು ಪಟ್ಟು ಹಿಡಿದಿದ್ದಾರೆ. ಅದಕ್ಕೆ ಸುಮಾರು 32 ಆಂಪಿಯರ್ ಬೇಕು. ಲೋಡ್ ಹೆಚ್ಚಿಸಬೇಕು, ಮೀಟರಿನಿಂದ ದಪ್ಪ ತಂತಿ ಎಳೆಸಬೇಕು, ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಮಾತ್ರ 3.3 ಕಿಲೋವ್ಯಾಟ್ ಚಾರ್ಜರನ್ನು 15 ಆಂಪಿಯರ್ ಸಾಕೆಟ್ಟಿನಲ್ಲೇ ರಾತ್ರಿಯಿಡೀ ಹಾಕಿ ಎನ್ನುತ್ತಾರೆ. ಲೆಕ್ಕದ ಪ್ರಕಾರ ಖಾಲಿ ಬ್ಯಾಟರಿಗೂ ಹತ್ತು ಗಂಟೆ ಸಾಕು. ಆದರೆ ಗೀಸರಿನ ಪ್ಲಗ್ ಕರಗಿದ್ದನ್ನು ಕಂಡವನಿಗೆ ಧೈರ್ಯ ಬರಬೇಕಲ್ಲ!

3.3ಕ್ಕೂ ಲೋಡ್ ಹೆಚ್ಚಿಸಲೇಬೇಕೇ? ಹಾಗೆ ಬಳಸುತ್ತಿರುವವರು ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಅರ್ತಿಂಗ್ ಮಾಡಿಸಿದ್ದೀರಾ, ಎಷ್ಟು ಗಾತ್ರದ ತಂತಿ ಹಾಕಿಸಿದ್ದೀರಿ?