ಹಳೆಯ ಏರ್‌ಫಿಕ್ಸ್ ಅಜಾಕ್ಸ್ ಕಿಟ್ ಸಿಕ್ಕಿದೆ, ಇದರಲ್ಲಿ ಐಎನ್‌ಎಸ್ ದೆಹಲಿ ಮಾಡಬಹುದಾ?

ಹೇಮಾವತಿ_ದಡ (ಹಾಸನ):
ಎಲ್ಲರಿಗೂ ನಮಸ್ಕಾರ. ಮನೆಯ ಅಟ್ಟ ಖಾಲಿ ಮಾಡುವಾಗ ಚಿಕ್ಕಪ್ಪನ ಟ್ರಂಕಿನಲ್ಲಿ ಒಂದು ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಹಡಗು ಮಾಡೆಲ್ ಕಿಟ್ ಸಿಕ್ಕಿತು. ಬ್ರಿಟಿಷ್ ಯುದ್ಧನೌಕೆ ಎಚ್‌ಎಂಎಸ್ ಅಜಾಕ್ಸ್, 1/600 ಸ್ಕೇಲ್. ಡಬ್ಬದ ಮೂಲೆಯನ್ನು ಇಲಿ ತಿಂದಿದೆ, ಸೂಚನೆ ಹಾಳೆ ಅರ್ಧ ಇದೆ, ಆದರೆ ಭಾಗಗಳೆಲ್ಲ ಫ್ರೇಮಿನಲ್ಲೇ (ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಇವೆ. ಹಲ್‌ನ (ಹಡಗಿನ ಒಡಲು) ಒಂದು ಹೋಳು ಸ್ವಲ್ಪ ಸೊಟ್ಟಗಾಗಿದೆ, ಡೆಕ್ ಇಟ್ಟು ನೋಡಿದರೆ ಪಕ್ಕದಲ್ಲಿ ಸಂದು ಕಾಣುತ್ತದೆ, ಫಿರಂಗಿ ನಳಿಗೆಗಳಂತೂ ಒನಕೆ ತರ ದಪ್ಪ. ಚಿಕ್ಕಪ್ಪ ಹೇಳೋ ಪ್ರಕಾರ ಇದನ್ನು ನಮ್ಮ ನೌಕಾಪಡೆಯ ಹಳೆಯ ಯುದ್ಧನೌಕೆ ಐಎನ್‌ಎಸ್ ದೆಹಲಿ ಮಾಡಬೇಕು ಅಂತಲೇ ಇಟ್ಟುಕೊಂಡಿದ್ದರಂತೆ. ಅದು ಸಾಧ್ಯವಾ? ಹೊರದೇಶದಿಂದ ಹಿತ್ತಾಳೆಯ ಸಣ್ಣ ಬಿಡಿಭಾಗಗಳ ದುಬಾರಿ ಸೆಟ್ ತರಿಸುವ ಯೋಚನೆ ಇಲ್ಲ. ಇಲ್ಲೇ ಸಿಗುವ ಸಾಮಾನಿನಲ್ಲಿ ಎಷ್ಟು ಸುಧಾರಿಸಬಹುದು ಹೇಳಿ.

ಸೆಲೆಕ್ಷನ್_795 (ಚಿಕ್ಕಮಗಳೂರು):
ಖಂಡಿತ ಸಾಧ್ಯ. ಚಿಕ್ಕಪ್ಪನ ಲೆಕ್ಕ ಸರಿಯಾಗಿದೆ. ಐಎನ್‌ಎಸ್ ದೆಹಲಿ ಅಂದರೆ ಹಳೆಯ ಅಕಿಲೀಸ್, ಅಜಾಕ್ಸ್‌ನ ಅಕ್ಕತಂಗಿ ಹಡಗು, ಎರಡೂ ಲಿಯಾಂಡರ್ ವರ್ಗದ ಕ್ರೂಸರ್ ಯುದ್ಧನೌಕೆಗಳು. 1939ರ ಡಿಸೆಂಬರ್ 13ರಂದು ರಿವರ್ ಪ್ಲೇಟ್ ಕದನದಲ್ಲಿ ಜರ್ಮನಿಯ ಯುದ್ಧನೌಕೆ ಗ್ರಾಫ್ ಸ್ಪೀ ವಿರುದ್ಧ ಎರಡೂ ಒಟ್ಟಿಗೆ ಹೋರಾಡಿದವು. 1948ರಲ್ಲಿ ಅಕಿಲೀಸ್ ನಮ್ಮ ನೌಕಾಪಡೆಗೆ ಬಂತು, 1978ರವರೆಗೆ ಇತ್ತು. 1956ರಲ್ಲಿ ಅದೇ ಕದನದ ಮೇಲೆ ಸಿನಿಮಾ ಬಂದಾಗ ಅಕಿಲೀಸ್ ಪಾತ್ರ ಮಾಡಿದ್ದು ಸ್ವತಃ ನಮ್ಮ ದೆಹಲಿಯೇ!

ಆದರೆ ಡಬ್ಬದಲ್ಲಿ ಇರುವ ಹಾಗೇ ಜೋಡಿಸಿ ದೆಹಲಿ ಅಂತ ಹೆಸರಿಟ್ಟರೆ ಆಗಲ್ಲ. ಅಜಾಕ್ಸ್‌ನಲ್ಲಿ ಎರಡೆರಡು ಫಿರಂಗಿಯ ನಾಲ್ಕು ಟರೆಟ್ (ತಿರುಗುವ ಫಿರಂಗಿ ಗೂಡು), ಮುಂದೆ ಎರಡು, ಹಿಂದೆ ಎರಡು. ಅಕಿಲೀಸ್‌ಗೆ 1943ರ ಜನವರಿಯಲ್ಲಿ ಗ್ವಾಡಲ್‌ಕನಾಲ್ ಹತ್ತಿರ ಜಪಾನಿನ ಬಾಂಬ್ ಬಿದ್ದು ಹಿಂದಿನ ಎತ್ತರದ ಟರೆಟ್, ಅಂದರೆ ಎಕ್ಸ್ ಟರೆಟ್, ಹಾಳಾಯಿತು. ಆಮೇಲೆ ಇಂಗ್ಲೆಂಡಿನಲ್ಲಿ ರಿಪೇರಿ ಮಾಡುವಾಗ ಅದನ್ನು ಮತ್ತೆ ಕೂರಿಸಲೇ ಇಲ್ಲ, ವಿಮಾನ ಹೊಡೆಯುವ ಗನ್ ಜಾಸ್ತಿ ಮಾಡಿದರು. ಹಾಗಾಗಿ ನಮಗೆ ಬಂದಾಗ ಇದ್ದದ್ದು ಮೂರೇ ಟರೆಟ್, ಆರು ನಳಿಗೆ. ವಿಮಾನ ಹಾರಿಸುವ ಕೆಟಪಲ್ಟ್ ಕೂಡ ಇರಲಿಲ್ಲ. ನೀವು ಎಕ್ಸ್ ಟರೆಟ್ ಅಂಟಿಸಬೇಡಿ, ಅದರ ತೂತು ಮುಚ್ಚಿ ಮೇಲೆ ಚಿಕ್ಕ ಗನ್ ಕೂರಿಸಿ, ಕೆಟಪಲ್ಟ್ ಮತ್ತು ವಿಮಾನ ಬಿಟ್ಟುಬಿಡಿ. ಹೊಗೆಕೊಳವೆ ಮುಟ್ಟಬೇಡಿ, ಇಬ್ಬರಿಗೂ ದೊಡ್ಡದು ಒಂದೇ.

ಸೊಟ್ಟಗಿರುವ ಹೋಳನ್ನು ಕೈಗೆ ಚುರುಕು ಮುಟ್ಟುವಷ್ಟು ಬಿಸಿ ನೀರಿನಲ್ಲಿ ಇಡಿ. ಕುದಿಯುವ ನೀರು ಬೇಡವೇ ಬೇಡ. ಮೆತ್ತಗಾದ ಮೇಲೆ ನೇರ ಪಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ತಣ್ಣೀರಿಗೆ ಹಾಕಿ. ಡೆಕ್ ಪಕ್ಕದ ಸಂದಿಗೆ ಪುಟ್ಟಿ ತುಂಬುವ ಮೊದಲು ಹಲ್ ಒಳಗೆ ಅಡ್ಡಪಟ್ಟಿ ಕೊಟ್ಟು ಅಗಲ ಸರಿಮಾಡಿ, ಅರ್ಧ ಸಂದು ಹಾಗೇ ಹೋಗುತ್ತದೆ. ಹಳೇ ಎಟಿಎಂ ಕಾರ್ಡ್ ಕತ್ತರಿಸಿದರೆ ಸಾಕು. ಅದು ಪಿವಿಸಿ, ಮಾಡೆಲ್ ಸಿಮೆಂಟ್ ಸರಿಯಾಗಿ ಹಿಡಿಯಲ್ಲ, ಫೆವಿಕ್ವಿಕ್ ಹಾಕಿ.

ನಳಿಗೆಗೆ ಮೆಡಿಕಲ್ ಶಾಪಿನಿಂದ 26 ಗೇಜ್ ಹೊಸ ಇಂಜೆಕ್ಷನ್ ಸೂಜಿ ತನ್ನಿ. ಹೊರ ಅಳತೆ ಸುಮಾರು 0.46 ಮಿಲಿಮೀಟರ್, ಈ ಸ್ಕೇಲಿನಲ್ಲಿ 6 ಇಂಚಿನ ಫಿರಂಗಿಗೆ ಚೆನ್ನಾಗಿ ಒಪ್ಪುತ್ತದೆ, ತುದಿಯಲ್ಲಿ ತೂತೂ ಸಿದ್ಧವಾಗಿ ಬರುತ್ತದೆ. ಇಕ್ಕಳದಲ್ಲಿ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಅರದ ಅಂಚಿನಿಂದ ಸುತ್ತ ಗೀರಿ ಮುರಿಯಿರಿ. ಕಣ್ಣಿಗೆ ಕನ್ನಡಕ ಇರಲಿ, ತುಂಡು ಎಲ್ಲಿಗೆ ಹಾರುತ್ತೆ ಅಂತ ಹೇಳೋಕಾಗಲ್ಲ. ಮಾಸ್ಟ್‌ಗಳಿಗೆ (ಹಡಗಿನ ಕಂಬಗಳು) ತೆಳು ಗಿಟಾರ್ ತಂತಿ ಸಾಕು. ಮೇಲಿನ ವೈರುಗಳಿಗೆ ಕಿಟ್‌ನದೇ ಫ್ರೇಮ್ ತುಂಡನ್ನು ಮೇಣದಬತ್ತಿ ಮೇಲೆ ಸ್ವಲ್ಪ ದೂರದಲ್ಲಿ ಹಿಡಿದು, ಮೆತ್ತಗಾದ ಕೂಡಲೇ ಬೆಂಕಿಯಿಂದ ಹೊರಗೆ ತಂದು ಎಳೆದರೆ ಕೂದಲಿನಷ್ಟು ತೆಳು ದಾರ ಬರುತ್ತದೆ.

ಸುಮ್ನೆ_ಕಟ್ಟಿ (ಹಾಸನ):
ನಾನು ಒಪ್ಪಲ್ಲ. ಇಷ್ಟು ಹಳೆಯ ಕಿಟ್ ಪೂರ್ತಿ ಸಿಕ್ಕಿದೆ, ಅದನ್ನು ಯಾಕೆ ಕೊಯ್ದು ಕುಯ್ದು ಹೊಸದು ಮಾಡೋದು? ದಪ್ಪ ನಳಿಗೆಯೂ ಆ ಕಾಲದ್ದೇ. ಅಂಟಿಸಿ, ಬಣ್ಣ ಬಳಿದು, ಚಿಕ್ಕಪ್ಪನ ಕೈಗೆ ಕೊಡಿ. ಹೀಗೆ ಸುಧಾರಿಸೋಕೆ ಅಂತ ಶುರು ಮಾಡಿದ ಎಷ್ಟೋ ಹಡಗು ಅರ್ಧಕ್ಕೇ ನಿಂತು ಡಬ್ಬಕ್ಕೆ ವಾಪಸ್ ಹೋಗಿದ್ದನ್ನು ನೋಡಿದ್ದೇನೆ.

ಸೆಲೆಕ್ಷನ್_795:
ಅವರ ಚಿಕ್ಕಪ್ಪನಿಗೆ ಬೇಕಾಗಿರೋದೇ ದೆಹಲಿ ಅಲ್ವಾ ಸ್ವಾಮಿ. ಅಜಾಕ್ಸ್ ಕೊಟ್ಟರೆ ಏನು ಪ್ರಯೋಜನ?

ಮಳೆನಾಡ_ಮೂಲೆ (ಮೂಡಿಗೆರೆ):
ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಮೊದಲು ಎಲ್ಲ ಭಾಗಗಳನ್ನು ಸೋಪ್ ನೀರಿನಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸೋಕೆ ಬಳಸಿದ ಎಣ್ಣೆ ಅಂಶ, ಅಟ್ಟದ ಧೂಳು ಎರಡೂ ಇರುತ್ತವೆ, ಅದರ ಮೇಲೆ ಬಣ್ಣ ನಿಲ್ಲಲ್ಲ. ಜುಲೈ, ಆಗಸ್ಟ್‌ನಲ್ಲಿ ಸ್ಪ್ರೇ ಡಬ್ಬಿ ಮುಟ್ಟಲೇಬೇಡಿ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂತು ಬೂದಿ ಎರಚಿದ ಹಾಗೆ ಬೆಳ್ಳಗಾಗುತ್ತದೆ. ನಮ್ಮ ಕಡೆ ಕಾಫಿ ಕಣದಲ್ಲಿ ಒಣಗೋ ಕಾಲ ಇದೆಯಲ್ಲ, ಡಿಸೆಂಬರ್‌ನಿಂದ ಫೆಬ್ರವರಿ, ಅದೇ ಸರಿಯಾದ ಸಮಯ. ಅಲ್ಲಿಯವರೆಗೆ ಅರ ಹಾಕಿ, ತೂತು ಕೊರೆಯಿರಿ, ಕೆಲಸಕ್ಕೇನು ಕಮ್ಮಿ. ಪುಟ್ಟಿ, ಗ್ರೇ ಪ್ರೈಮರ್ ಎರಡೂ ಹಾಸನದ ಬಿ.ಎಂ. ರಸ್ತೆಯ ಕಾರ್ ಪೇಂಟ್ ಅಂಗಡಿಗಳಲ್ಲಿ ಕೇಳಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿಯನ್ನು ತೆಳುವಾಗಿ ಹಚ್ಚಿ, ದಪ್ಪ ಮೆತ್ತಿದರೆ ಅದರ ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಹೇಮಾವತಿ_ದಡ:
ಎಲ್ಲರಿಗೂ ಥ್ಯಾಂಕ್ಸ್. ದೆಹಲಿಯೇ ಮಾಡ್ತೀನಿ. ಚಿಕ್ಕಪ್ಪನಿಗೆ 1961ರ ಗೋವಾ ವಿಮೋಚನೆ ಸಮಯದ ಹಡಗು ಬೇಕಂತೆ. ಬಾವುಟ ಪ್ರಿಂಟ್ ಹಾಕಿಸಬೇಕು, ಈಗಿನ ನೌಕಾಪಡೆ ಬಾವುಟ ಹಾಕಬಹುದಲ್ವಾ?

ಸೆಲೆಕ್ಷನ್_795:
ಬೇಡ. ಶಿವಾಜಿ ಮುದ್ರೆಯಿಂದ ಪ್ರೇರಣೆ ಪಡೆದ ಎಂಟು ಮೂಲೆಯ ಚಿಹ್ನೆ ಇರೋದು 2022ರ ಸೆಪ್ಟೆಂಬರ್‌ನಲ್ಲಿ ಬಂದ ಬಾವುಟ. 1961ಕ್ಕೆ ಬಿಳಿ ಬಟ್ಟೆ, ಕೆಂಪು ಅಡ್ಡ-ಉದ್ದ ಪಟ್ಟಿ, ಕಂಬದ ಕಡೆ ಮೇಲಿನ ಮೂಲೆಯಲ್ಲಿ ತ್ರಿವರ್ಣ. ಹಡಗೇ ಸುಮಾರು 28 ಸೆಂಟಿಮೀಟರ್ ಬರೋದು, ಬಾವುಟ ಬೆರಳ ಉಗುರಿಗಿಂತ ಚಿಕ್ಕದಿರಲಿ. ತೆಳು ಕಾಗದದ ಮೇಲೆ ಎರಡು ಮಗ್ಗುಲೂ ಸೇರಿಸಿ ಪ್ರಿಂಟ್ ಮಾಡಿ, ಮಧ್ಯ ಮಡಚಿ ಅಂಟಿಸಿ, ಅಂಟು ಹಸಿ ಇರುವಾಗಲೇ ಸ್ವಲ್ಪ ಅಲೆ ಕೊಡಿ. ಪ್ರಿಂಟ್ ಆದ ಮೇಲೆ ಅಂಚಿನ ಬಿಳಿಯನ್ನು ಸೂಕ್ಷ್ಮವಾಗಿ ನೋಡಿ ಕತ್ತರಿಸಿ, ಬಾವುಟವೇ ಬಿಳಿ, ಗೆರೆ ಹಾಕಿಕೊಳ್ಳದಿದ್ದರೆ ಅಳತೆ ತಪ್ಪುತ್ತದೆ.